ಸ್ಮಾರ್ಟ್ ಸ್ಪೀಕರ್‌ಗೆ ಕೇಳಿಸುತ್ತಿದೆ, ವೈ-ಫೈ ಮಾತ್ರ ನಿಲ್ಲುತ್ತಿಲ್ಲ

ಪ್ರಶ್ನೆ: ನನ್ನ ತಂದೆಗೆ ದೃಷ್ಟಿ ಮಂದ. ಹಾಡು, ಸುದ್ದಿ ಕೇಳಲು ಅನುಕೂಲವಾಗಲಿ ಎಂದು ಸ್ಮಾರ್ಟ್ ಸ್ಪೀಕರ್ ತಂದುಕೊಟ್ಟಿದ್ದೆ. ಕೆಲವು ತಿಂಗಳು ಚೆನ್ನಾಗಿಯೇ ಇತ್ತು. ಈಚೆಗೆ ಇಂಟರ್ನೆಟ್ ಕಂಪನಿಯವರು ಹಳೆಯ ರೂಟರ್ ತೆಗೆದು ಹೊಸದನ್ನು ಹಾಕಿದರು, ಅಂದಿನಿಂದ ಕಾಟ ಶುರುವಾಗಿದೆ. ಮೊದಲು ಆ್ಯಪ್‌ಗೆ ಸ್ಪೀಕರ್ ಸಿಗಲೇ ಇಲ್ಲ. ಆಮೇಲೆ ಸಿಕ್ಕಿತು, ಆದರೆ ಪಾಸ್‌ವರ್ಡ್ ಕೊಟ್ಟ ನಂತರ ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂದಿತು. ರೂಟರ್ ಪಕ್ಕದಲ್ಲೇ ಇಟ್ಟು ಪ್ರಯತ್ನಿಸಿದಾಗ ಹೇಗೋ ಸೇರಿಕೊಂಡಿತು. ಈಗ ಅದು ತಂದೆಯ ಕೋಣೆಯಲ್ಲಿ ಕಬ್ಬಿಣದ ಬೀರುವಿನ ಮೇಲೆ, ಗೋಡೆಗೆ ಒತ್ತಿಕೊಂಡು ಇದೆ. ಬೆಳಿಗ್ಗೆ ಪರವಾಗಿಲ್ಲ, ಸಂಜೆಯಾದರೆ ಪದೇ ಪದೇ ಕಡಿದುಹೋಗುತ್ತದೆ. ಕರೆದರೆ ದೀಪ ಹೊತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಇಂಟರ್ನೆಟ್ ಸಿಗುತ್ತಿಲ್ಲ ಎನ್ನುತ್ತದೆ. ಅದೇ ಕೋಣೆಯಲ್ಲಿ ನನ್ನ ಮೊಬೈಲ್‌ನಲ್ಲಿ ವಿಡಿಯೊ ಸರಾಗವಾಗಿ ಓಡುತ್ತದೆ. ಸ್ಪೀಕರನ್ನು ಹಲವು ಬಾರಿ ರೀಸೆಟ್ ಮಾಡಿದೆ. ‘5ಜಿ ವೈ-ಫೈಗೆ ಜೋಡಿಸಿ’ ಎನ್ನುತ್ತಾರೆ ಒಬ್ಬರು, ‘ಪಾಸ್‌ವರ್ಡ್ ತೆಗೆದುಬಿಡಿ’ ಎನ್ನುತ್ತಾರೆ ಇನ್ನೊಬ್ಬರು. ತನ್ನ ಉಚ್ಚಾರಣೆಯೇ ಸರಿಯಿಲ್ಲ ಎಂದುಕೊಂಡು ತಂದೆ ಅದನ್ನು ಕರೆಯುವುದನ್ನೇ ಬಿಟ್ಟಿದ್ದಾರೆ. ಸ್ಪೀಕರ್ ಕೆಟ್ಟಿದೆಯೇ? ಹೊಸದು ಕೊಳ್ಳಬೇಕೇ?

ಉತ್ತರ: ಮೊದಲು ನಿಮ್ಮ ತಂದೆಯ ಅಳುಕನ್ನು ಕಳೆಯೋಣ. ಅವರ ಉಚ್ಚಾರಣೆಯಲ್ಲಿ ದೋಷವಿಲ್ಲ ಎನ್ನುವುದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ಕರೆದ ಕೂಡಲೇ ದೀಪ ಹೊತ್ತಿಕೊಳ್ಳುತ್ತದೆ ಎಂದು ಬರೆದಿದ್ದೀರಿ. ತನ್ನ ಹೆಸರನ್ನು ಗುರುತಿಸುವ ಕೆಲಸವನ್ನು ಸ್ಪೀಕರ್ ತನ್ನೊಳಗಿನ ಚಿಪ್‌ನಲ್ಲೇ ಮಾಡಿಕೊಳ್ಳುತ್ತದೆ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಹೆಸರಿನ ನಂತರ ಬರುವ ಮಾತನ್ನು ಹೆಚ್ಚಾಗಿ ದೂರದ ಸರ್ವರ್‌ಗೆ ಕಳುಹಿಸಿ, ಅರ್ಥವನ್ನು ಅಲ್ಲಿಂದ ತರಿಸಿಕೊಳ್ಳುತ್ತದೆ. ದೀಪ ಹೊತ್ತಿ ಉತ್ತರ ಬರಲಿಲ್ಲ ಎಂದರೆ ಅವರು ಕರೆದದ್ದು ಅದಕ್ಕೆ ಸರಿಯಾಗಿ ಕೇಳಿಸಿದೆ, ಆ ಮುಂದಿನ ಮಾತು ಮನೆಯಿಂದ ಆಚೆ ಹೋಗಿಲ್ಲ. ಇದನ್ನು ದಯವಿಟ್ಟು ಅವರಿಗೆ ಓದಿ ಹೇಳಿ. ಯಂತ್ರ ಉತ್ತರಿಸದಿದ್ದಾಗ ಹಿರಿಯರು ತಮ್ಮನ್ನೇ ದೂರಿಕೊಂಡು ಅದರಿಂದ ದೂರವಾಗುವುದನ್ನು ನಾನು ದುರಸ್ತಿಗೆ ಹೋದ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅವರ ಪಾಲಿಗೆ ಅದು ದೊಡ್ಡ ನಷ್ಟ.

ಇನ್ನು ಸ್ಪೀಕರ್ ವಿಷಯ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಅದು ಕೆಟ್ಟಿರುವ ಸಾಧ್ಯತೆ ಕಡಿಮೆ. ರೂಟರ್ ಬದಲಾದ ದಿನದಿಂದ ತೊಂದರೆ, ರೂಟರ್ ಹತ್ತಿರ ಸಂಪರ್ಕ, ದೂರದಲ್ಲಿ ಕಡಿತ, ಅದರಲ್ಲೂ ಸಂಜೆ. ಈ ನಾಲ್ಕೂ ಒಟ್ಟಿಗೆ ಬಂದರೆ ನನ್ನ ಅನುಮಾನ ಮೊದಲು ಹೋಗುವುದು ಹೊಸ ರೂಟರ್‌ನ ಸೆಟ್ಟಿಂಗ್ ಮತ್ತು ಸ್ಪೀಕರ್ ಇಟ್ಟಿರುವ ಜಾಗದ ಕಡೆಗೆ. ಆದ್ದರಿಂದ ಇನ್ನು ಮುಂದೆ ರೀಸೆಟ್ ಬೇಡ. ರೀಸೆಟ್ ಮಾಡಿದಾಗಲೆಲ್ಲ ಕೋಣೆಯ ಹೆಸರು, ಅಲಾರಂ, ಬ್ಲೂಟೂತ್ ಜೋಡಣೆ ಎಲ್ಲವೂ ಅಳಿಸಿಹೋಗುತ್ತವೆ, ದೋಷ ಎಲ್ಲಿದೆ ಎಂಬ ಸುಳಿವು ಮಾತ್ರ ಸಿಗುವುದಿಲ್ಲ.

ಸ್ಪೀಕರ್ ಕೆಲಸ ಮಾಡಬೇಕಾದರೆ ಮೂರು ಕೊಂಡಿಗಳು ಬಿಗಿಯಾಗಿರಬೇಕು. ಜೋಡಿಸುವಾಗ ಫೋನ್ ಮತ್ತು ಸ್ಪೀಕರ್ ನಡುವಿನದು ಒಂದು, ಸ್ಪೀಕರ್ ಮತ್ತು ರೂಟರ್ ನಡುವಿನದು ಎರಡನೆಯದು, ರೂಟರ್‌ನಿಂದ ಹೊರಗಿನ ಇಂಟರ್ನೆಟ್‌ಗೆ ಇರುವುದು ಮೂರನೆಯದು. ಆ್ಯಪ್ ಇವು ಮೂರಕ್ಕೂ ಹೆಚ್ಚುಕಡಿಮೆ ಒಂದೇ ಬಗೆಯ ಸಂದೇಶ ತೋರಿಸುವುದರಿಂದ ಜನರಿಗೆ ಗೊಂದಲವಾಗುತ್ತದೆ.

‘ಆ್ಯಪ್‌ಗೆ ಸ್ಪೀಕರ್ ಸಿಗಲೇ ಇಲ್ಲ’ ಎಂದಿದ್ದೀರಲ್ಲ, ಅದು ಮೊದಲ ಕೊಂಡಿಯ ತೊಂದರೆ. ಜೋಡಣೆಯ ಹೊತ್ತಿನಲ್ಲಿ ಸ್ಪೀಕರ್ ಇನ್ನೂ ನಿಮ್ಮ ವೈ-ಫೈಗೆ ಸೇರಿರುವುದಿಲ್ಲ. ಬ್ಲೂಟೂತ್ ಮೂಲಕವೋ, ತಾನೇ ತಾತ್ಕಾಲಿಕವಾಗಿ ಹುಟ್ಟಿಸುವ ಪುಟ್ಟ ವೈ-ಫೈ ಮೂಲಕವೋ ಫೋನಿನೊಂದಿಗೆ ನೇರವಾಗಿ ಮಾತಾಡಿ, ನಿಮ್ಮ ಮನೆಯ ವೈ-ಫೈ ಹೆಸರು ಮತ್ತು ಪಾಸ್‌ವರ್ಡ್ ಪಡೆಯುತ್ತದೆ. ಹಾಗಾಗಿ ಫೋನಿನಲ್ಲಿ ಬ್ಲೂಟೂತ್ ಮತ್ತು ಲೊಕೇಶನ್ ಎರಡೂ ಆನ್ ಆಗಿರಬೇಕು, ಆ್ಯಪ್‌ಗೆ ಅವುಗಳ ಅನುಮತಿಯೂ ಇರಬೇಕು. ಲೊಕೇಶನ್ ಯಾಕೆ ಎಂದು ಹಲವರು ಅನುಮಾನಿಸಿ ನಿರಾಕರಿಸುತ್ತಾರೆ. ಸುತ್ತಲಿನ ವೈ-ಫೈ ಹೆಸರುಗಳನ್ನು ಓದಿದರೆ ನೀವು ಎಲ್ಲಿದ್ದೀರಿ ಎಂದು ಊಹಿಸಬಹುದಾದ್ದರಿಂದ, ಆಂಡ್ರಾಯ್ಡ್ ಆ ಎರಡನ್ನೂ ಒಂದೇ ಅನುಮತಿಯಡಿ ತಂದಿತು. ಕೆಲಸ ಮುಗಿದ ಮೇಲೆ ಬೇಕಿದ್ದರೆ ಹಿಂತೆಗೆದುಕೊಳ್ಳಬಹುದು. ಐಫೋನ್‌ನಲ್ಲಿ 2020ರ ಐಒಎಸ್ 14ರಿಂದ ಈಚೆಗೆ ‘ಲೋಕಲ್ ನೆಟ್‌ವರ್ಕ್’ ಎಂಬ ಬೇರೆಯದೇ ಅನುಮತಿ ಇದೆ. ಮೊದಲ ಸಲ ಕೇಳಿದಾಗ ಅವಸರದಲ್ಲಿ ಬೇಡ ಎಂದಿದ್ದರೆ ಆ್ಯಪ್‌ಗೆ ಮನೆಯೊಳಗಿನ ಸಾಧನಗಳೇ ಕಾಣುವುದಿಲ್ಲ.

ಫೋನಿನಲ್ಲಿ ಕಚೇರಿಯ ವಿಪಿಎನ್ (ಫೋನಿನ ಇಂಟರ್ನೆಟ್ ಸಂಚಾರವನ್ನು ಸುರಂಗದಂಥ ಗುಪ್ತ ಹಾದಿಯಲ್ಲಿ ಒಯ್ಯುವ ವ್ಯವಸ್ಥೆ) ಇದ್ದರೆ ಜೋಡಣೆ ಮುಗಿಯುವವರೆಗೆ ನಿಲ್ಲಿಸಿ. ವಿಪಿಎನ್ ಚಾಲ್ತಿಯಲ್ಲಿದ್ದಾಗ ಫೋನಿನ ಮಾತೆಲ್ಲ ಆ ಸುರಂಗದೊಳಗೆ ಹೋಗಿ, ಪಕ್ಕದಲ್ಲೇ ಇರುವ ಸ್ಪೀಕರ್‌ಗೆ ತಲುಪದೇ ಹೋಗಬಹುದು. ಮೊಬೈಲ್ ಡೇಟಾವನ್ನೂ ಆ ಐದು ನಿಮಿಷ ಆಫ್ ಮಾಡಿ. ಸ್ಪೀಕರ್‌ನ ತಾತ್ಕಾಲಿಕ ವೈ-ಫೈನಲ್ಲಿ ಇಂಟರ್ನೆಟ್ ಇರುವುದಿಲ್ಲ. ಫೋನ್ ಅದನ್ನು ಗಮನಿಸಿ, ‘ಇದು ಪ್ರಯೋಜನವಿಲ್ಲ’ ಎಂದುಕೊಂಡು, ನಿಮ್ಮನ್ನು ಕೇಳದೆ ಮೊಬೈಲ್ ಡೇಟಾಗೆ ಹೊರಳಿಬಿಡುತ್ತದೆ. ಜೋಡಣೆ ಅರ್ಧಕ್ಕೆ ನಿಲ್ಲುತ್ತದೆ.

ಅಂದ ಹಾಗೆ, ನಿಮ್ಮ ಸ್ಪೀಕರ್ ಯಾವುದೆಂದು ಬರೆದಿಲ್ಲ. ಅಲೆಕ್ಸಾ ಇರುವ ಎಕೋ ಸ್ಪೀಕರ್‌ಗಳಲ್ಲಿ ಕಿತ್ತಳೆ ಬಣ್ಣದ ದೀಪ ಸುತ್ತುತ್ತಿದ್ದರೆ ಮಾತ್ರ ಅದು ಜೋಡಣೆಗೆ ಸಿದ್ಧವಾಗಿದೆ ಎಂದರ್ಥ. ಕೆಂಪು ದೀಪ ನಿಂತಿದ್ದರೆ ಮೈಕ್ ಆಫ್ ಆಗಿದೆ, ಅದಕ್ಕೂ ವೈ-ಫೈಗೂ ಸಂಬಂಧವಿಲ್ಲ. ವೈ-ಫೈ ಪಾಸ್‌ವರ್ಡನ್ನು ಅಮೆಜಾನ್ ಖಾತೆಯಲ್ಲಿ ಉಳಿಸಿಟ್ಟುಕೊಳ್ಳುವ ಸೌಲಭ್ಯವೂ ಅಲ್ಲಿದೆ. ರೂಟರ್ ಬದಲಾದಾಗ ಹೆಸರು ಅದೇ ಇದ್ದು ಪಾಸ್‌ವರ್ಡ್ ಬೇರೆಯಾಗಿದ್ದರೆ, ಹಳೆಯದನ್ನು ಅಳಿಸಿ ಹೊಸದನ್ನು ಕೊಡಿ. ಗೂಗಲ್ ಸ್ಪೀಕರ್‌ಗಳಾದರೆ ಗೂಗಲ್ ಹೋಮ್ ಆ್ಯಪ್‌ನಲ್ಲಿ ಹಳೆಯ ನೆಟ್‌ವರ್ಕನ್ನು ಮರೆಯಲು ಹೇಳಿ ಮತ್ತೆ ಜೋಡಿಸಬೇಕು. ಆಪಲ್ ಹೋಮ್‌ಪಾಡ್ ವೈ-ಫೈ ವಿವರವನ್ನು ಐಫೋನ್ ಅಥವಾ ಐಪ್ಯಾಡ್‌ನಿಂದಲೇ ಪಡೆಯುತ್ತದೆ, ಆಂಡ್ರಾಯ್ಡ್ ಫೋನಿನಿಂದ ಅದನ್ನು ಜೋಡಿಸಲು ಬರುವುದಿಲ್ಲ.

ಈಗ ಎರಡನೆಯ ಕೊಂಡಿಗೆ ಬರೋಣ. ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ ಎಂಬುದು ನನ್ನ ಅಂದಾಜು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಈಗಿನ ಬಹುತೇಕ ರೂಟರ್‌ಗಳು ಎರಡು ಬ್ಯಾಂಡ್‌ಗಳಲ್ಲಿ (ರೇಡಿಯೊ ತರಂಗಗಳ ಶ್ರೇಣಿಗಳಲ್ಲಿ) ವೈ-ಫೈ ಹರಡುತ್ತವೆ. 2.4 ಗಿಗಾಹರ್ಟ್ಸ್ ವೇಗದಲ್ಲಿ ಹಿಂದೆ, ಆದರೆ ಗೋಡೆಗಳನ್ನು ದಾಟಿ ದೂರ ಹೋಗುತ್ತದೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಒಂದೆರಡು ಗಟ್ಟಿ ಗೋಡೆಗಳಿಗೇ ಸೋತುಹೋಗುತ್ತದೆ. ರೂಟರ್‌ನ ವೈ-ಫೈ ಹೆಸರಿನ ಕೊನೆಯಲ್ಲಿ ಕಾಣುವ ‘5ಜಿ’ ಎಂಬುದು ಈ 5 ಗಿಗಾಹರ್ಟ್ಸ್‌ನ ಗುರುತು. ಮೊಬೈಲ್‌ನ 5ಜಿಗೂ ಅದಕ್ಕೂ ಯಾವ ನಂಟೂ ಇಲ್ಲ. ಆದ್ದರಿಂದ ‘5ಜಿಗೆ ಜೋಡಿಸಿ’ ಎಂಬ ಸಲಹೆ ನಿಮ್ಮ ವಿಷಯದಲ್ಲಿ ತಿರುಗುಮುರುಗು. ದೂರದ ಕೋಣೆಯಲ್ಲಿರುವ ಸ್ಪೀಕರ್‌ಗೆ ಬೇಕಿರುವುದು ದೂರ ತಲುಪುವ ಬ್ಯಾಂಡ್. ಸಾಮಾನ್ಯ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 320 ಕಿಲೊಬಿಟ್‌ಗಿಂತ ಹೆಚ್ಚು ಬೇಕಾಗುವುದು ಅಪರೂಪ. ಹೆಚ್ಚು ವೇಗದ ಇಂಟರ್ನೆಟ್ ಯೋಜನೆಗೆ ಬದಲಾಯಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅದಕ್ಕೂ ಹಣ ಸುರಿಯಬೇಡಿ.

ಹೊಸ ರೂಟರ್‌ಗಳು ಹೆಚ್ಚಾಗಿ ಈ ಎರಡೂ ಬ್ಯಾಂಡ್‌ಗಳಿಗೆ ಒಂದೇ ಹೆಸರು ಇಟ್ಟು, ಯಾವ ಸಾಧನ ಯಾವುದರಲ್ಲಿರಬೇಕೆಂದು ತಾವೇ ಒತ್ತಾಯಿಸುತ್ತವೆ. ಇದನ್ನು ಬ್ಯಾಂಡ್ ಸ್ಟಿಯರಿಂಗ್ ಅಥವಾ ಸ್ಮಾರ್ಟ್ ಕನೆಕ್ಟ್ ಎನ್ನುತ್ತಾರೆ. ಫೋನ್, ಲ್ಯಾಪ್‌ಟಾಪ್‌ಗಳು ಇದಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಕೆಲವು ಸ್ಪೀಕರ್‌ಗಳು ಹೊಂದಿಕೊಳ್ಳುವುದಿಲ್ಲ. ನಿಮ್ಮಲ್ಲಿ ನಡೆದಿರಬಹುದಾದದ್ದನ್ನು ಹೇಳುತ್ತೇನೆ: ರೂಟರ್ ಪಕ್ಕದಲ್ಲಿಟ್ಟಾಗ ಸ್ಪೀಕರ್ 5 ಗಿಗಾಹರ್ಟ್ಸ್‌ಗೆ ಸೇರಿಕೊಂಡಿತು. ಕೋಣೆಗೆ ಒಯ್ದ ಮೇಲೆ ಆ ಸಿಗ್ನಲ್ ಕ್ಷೀಣಿಸಿದರೂ ಅದನ್ನೇ ಹಿಡಿದು ತೂಗಾಡಿತು. ಕೈತಪ್ಪಿ 2.4ಕ್ಕೆ ಬಂದಾಗ ಅಲ್ಲಿ ಸಂಜೆಯ ದಟ್ಟಣೆ.

ಸಂಜೆಯೇ ಏಕೆ ಎಂದರೆ, 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು (ಬ್ಯಾಂಡಿನೊಳಗಿನ ಕಿರು ಹಾದಿಗಳು) ಮೂರೇ: 1, 6 ಮತ್ತು 11. ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ ಈ ಮೂರನ್ನೇ ಹಂಚಿಕೊಳ್ಳಬೇಕು. ಸಂಜೆ ಎಲ್ಲರೂ ಮನೆ ಸೇರಿ ವಿಡಿಯೊ ಹಚ್ಚಿದಾಗ, ಒಂದೇ ಜಗಲಿಯಲ್ಲಿ ಹತ್ತು ಜನ ಒಟ್ಟಿಗೆ ಮಾತಿಗೆ ತೊಡಗಿದಂತೆ, ಪ್ರತಿ ಸಾಧನವೂ ತನ್ನ ಸರದಿಗೆ ಕಾಯಬೇಕಾಗುತ್ತದೆ. ಬ್ಲೂಟೂತ್ ಕೂಡ ಇದೇ ಬ್ಯಾಂಡಿನಲ್ಲಿದೆ. ಮೈಕ್ರೊವೇವ್ ಒಲೆಯ ತರಂಗಗಳೂ ಸುಮಾರು 2.45 ಗಿಗಾಹರ್ಟ್ಸ್‌ನವೇ. ರೂಟರ್ ಮತ್ತು ಕೋಣೆಯ ನಡುವೆ ಅಡುಗೆಮನೆ ಇದ್ದರೆ, ಕಡಿತವಾಗುವ ಹೊತ್ತಿಗೆ ಒಲೆ ಓಡುತ್ತಿತ್ತೇ ಎಂದು ಒಮ್ಮೆ ಗಮನಿಸಿ.

ಇದರ ಜೊತೆಗೆ ಆ ಕಬ್ಬಿಣದ ಬೀರು. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದೇ ಅಲ್ಲಿ. ಲೋಹ ರೇಡಿಯೊ ತರಂಗಗಳನ್ನು ಹಿಂದಕ್ಕೆ ತಳ್ಳುತ್ತದೆ. ದೊಡ್ಡ ಕನ್ನಡಿ, ಫ್ರಿಜ್, ನೀರು ತುಂಬಿದ ಮೀನಿನ ತೊಟ್ಟಿಯೂ ಅಡ್ಡಿಯೇ. ಸ್ಪೀಕರನ್ನು ಬೀರುವಿನಿಂದ ಇಳಿಸಿ, ಮರದ ಮೇಜಿನ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಟ್ಟು ಎರಡು ಸಂಜೆ ನೋಡಿ. ಖರ್ಚಿಲ್ಲದ ಈ ಬದಲಾವಣೆಯೊಂದೇ ಸಾಕಾದ ಮನೆಗಳಿವೆ. ರೂಟರ್ ಕೂಡ ಕಪಾಟಿನೊಳಗೆ ಅಥವಾ ಟಿವಿಯ ಹಿಂದೆ ಅಡಗಿದ್ದರೆ ಹೊರಗೆ ತೆಗೆದು ಎತ್ತರದಲ್ಲಿಡಿ.

‘ಅದೇ ಕೋಣೆಯಲ್ಲಿ ಫೋನ್ ಚೆನ್ನಾಗಿದೆಯಲ್ಲ’ ಎಂದು ನೀವು ಕೇಳಬಹುದು. ಫೋನ್ ನಿಮ್ಮ ಕೈಯಲ್ಲಿ ಓಡಾಡುತ್ತದೆ, ಬೀರುವಿನ ಮೇಲೆ ಕೂತಿರುವುದಿಲ್ಲ. ಸಿಗ್ನಲ್ ಕುಸಿದಾಗ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರಿಕೊಂಡಿರಲೂಬಹುದು, ಆಗ ವಿಡಿಯೊ ಓಡಿದ್ದು ವೈ-ಫೈನಿಂದ ಎಂದು ಹೇಳುವಂತಿಲ್ಲ. ಮೊಬೈಲ್ ಡೇಟಾ ಆಫ್ ಮಾಡಿ, ಫೋನನ್ನು ಸ್ಪೀಕರ್ ಇದ್ದ ಜಾಗದಲ್ಲೇ ಇಟ್ಟು, ಸಂಜೆ ಪರೀಕ್ಷಿಸಿ. ಆಂಡ್ರಾಯ್ಡ್‌ನಲ್ಲಿ ವೈ-ಫೈ ಸಿಗ್ನಲ್ ಅಳೆಯುವ ಉಚಿತ ಆ್ಯಪ್‌ಗಳಿವೆ. ಅವು ಡಿಬಿಎಂ ಎಂಬ ಮಾನದಲ್ಲಿ ಋಣ ಸಂಖ್ಯೆ ತೋರಿಸುತ್ತವೆ. ಮೈನಸ್ 50 ಬಹಳ ಚೆನ್ನ. ಮೈನಸ್ 67ರವರೆಗೆ ಧ್ವನಿಯ ಕೆಲಸಕ್ಕೆ ಅಡ್ಡಿಯಿಲ್ಲ. ಮೈನಸ್ 80 ಆದರೆ ಕಡಿತ ಖಚಿತವೆಂದೇ ಇಟ್ಟುಕೊಳ್ಳಿ. 50ಕ್ಕೂ 80ಕ್ಕೂ ಅಂತರ ಸಣ್ಣದೆಂದು ಕಾಣುತ್ತದೆ, ಆದರೆ ಈ ಮಾನದಲ್ಲಿ 30ರ ಇಳಿಕೆ ಎಂದರೆ ತಲುಪುವ ಶಕ್ತಿ ಸಾವಿರದಲ್ಲಿ ಒಂದು ಪಾಲಿಗೆ ಇಳಿದಿದೆ ಎಂದರ್ಥ.

ಜಾಗ ಬದಲಿಸಿಯೂ ಸರಿಹೋಗದಿದ್ದರೆ ರೂಟರ್‌ನ ಸೆಟ್ಟಿಂಗ್ ಪುಟಕ್ಕೆ ಹೋಗಬೇಕು. ವಿಳಾಸ, ಬಳಕೆದಾರರ ಹೆಸರು ಸಾಮಾನ್ಯವಾಗಿ ರೂಟರ್‌ನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತವೆ. ಅಲ್ಲಿ ಬ್ಯಾಂಡ್ ಸ್ಟಿಯರಿಂಗ್ ಆಫ್ ಮಾಡಿ, ಎರಡು ಬ್ಯಾಂಡ್‌ಗಳಿಗೆ ಬೇರೆ ಬೇರೆ ಹೆಸರು ಕೊಡಿ, ಸ್ಪೀಕರನ್ನು 2.4ಕ್ಕೆ ಮಾತ್ರ ಜೋಡಿಸಿ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ, ಚಾನೆಲ್ 1, 6, 11ರಲ್ಲಿ ಕಡಿಮೆ ಗದ್ದಲದ್ದಾಗಿರಲಿ. ಹೆಸರು ಬೇರೆಯಾದರೂ ಎರಡೂ ಒಂದೇ ಮನೆಯ ಜಾಲ. ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಇದ್ದುಕೊಂಡೇ ಸ್ಪೀಕರನ್ನು ನಿಯಂತ್ರಿಸಬಹುದು. ಇದರ ಅನನುಕೂಲವೆಂದರೆ ಫೋನ್‌ಗಳು ಒಂದು ಬ್ಯಾಂಡಿನಿಂದ ಇನ್ನೊಂದಕ್ಕೆ ಮೊದಲಿನಷ್ಟು ನಯವಾಗಿ ದಾಟುವುದಿಲ್ಲ.

ಹೆಸರನ್ನು ಕನ್ನಡದಲ್ಲಿ ಇಡುವ ಆಸೆ ಇದ್ದರೆ ಒಂದು ಮಾತು. ವೈ-ಫೈ ಹೆಸರಿಗೆ 32 ಬೈಟ್‌ಗಳ ಮಿತಿ ಇದೆ. ಕನ್ನಡದ ಪ್ರತಿ ಮೂಲಾಕ್ಷರಕ್ಕೂ ಗುಣಿತದ ಚಿಹ್ನೆಗೂ ತಲಾ 3 ಬೈಟ್ ಬೇಕು, ಒತ್ತಕ್ಷರ ಸೇರಿದರೆ ಇನ್ನೂ 6. ಹತ್ತು ಚಿಹ್ನೆಗಳಿಗೆ ಜಾಗ ಮುಗಿಯುತ್ತದೆ. ಕೆಲವು ಸಾಧನಗಳು ಇಂಗ್ಲಿಷ್ ಅಲ್ಲದ ಹೆಸರನ್ನು ಓದಲಾರದೆ ಸೋಲುತ್ತವೆ. ಕನ್ನಡದ ಹೆಸರು ನನಗೂ ಇಷ್ಟ, ಆದರೆ ಸ್ಪೀಕರ್ ಸೇರುವ ಬ್ಯಾಂಡಿಗೆ ಸರಳ ಇಂಗ್ಲಿಷ್ ಅಕ್ಷರಗಳೇ ಕ್ಷೇಮ.

ಪಾಸ್‌ವರ್ಡ್ ತೆಗೆದುಬಿಡಿ ಎಂಬ ಸಲಹೆಯನ್ನು ಮಾತ್ರ ಯಾವ ಕಾರಣಕ್ಕೂ ಕೇಳಬೇಡಿ. ಪಾಸ್‌ವರ್ಡ್ ಇಲ್ಲದ ವೈ-ಫೈಗೆ ಹೊರಗಿನ ಯಾರು ಬೇಕಾದರೂ ಸೇರಬಹುದು, ನಿಮ್ಮ ಸಂಪರ್ಕದಿಂದ ಮಾಡಬಾರದ್ದನ್ನು ಮಾಡಬಹುದು, ಮನೆಯ ಇತರ ಸಾಧನಗಳಿಗೆ ಕೈಹಾಕಬಹುದು. ಆ ಸಲಹೆ ಹುಟ್ಟಿದ್ದರ ಹಿಂದೆ ಒಂದು ನಿಜವಾದ ಕಾರಣ ಇದೆ, ಅದು ಡಬ್ಲ್ಯುಪಿಎ3. 2018ರಲ್ಲಿ ಬಂದ ಈ ಭದ್ರತಾ ವಿಧಾನ ಹಲವು ಹಳೆಯ ಸ್ಪೀಕರ್‌ಗಳಿಗೆ ತಿಳಿಯದು. ರೂಟರ್ ಡಬ್ಲ್ಯುಪಿಎ3 ಮಾತ್ರ ಎಂದು ಹಟ ಹಿಡಿದರೆ ಅವು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಸೇರಲಾರವು. ನಿಮ್ಮ ಸ್ಪೀಕರ್ ಒಮ್ಮೆ ಸೇರಿರುವುದರಿಂದ ಆ ಹಟ ನಿಮ್ಮಲ್ಲಿ ಇಲ್ಲ. ಆದರೆ ಅದರ ಹಿಂದಿನ ಆವೃತ್ತಿಯಾದ ಡಬ್ಲ್ಯುಪಿಎ2 ಮತ್ತು ಹೊಸ 3 ಬೆರೆತ ಸೆಟ್ಟಿಂಗ್ ಇದ್ದು ಅದರಲ್ಲಿ ಎಡವುತ್ತಿರಬಹುದು. 2.4 ಬ್ಯಾಂಡನ್ನು ಡಬ್ಲ್ಯುಪಿಎ2, ಎಇಎಸ್ ಎಂಬ ಆಯ್ಕೆಗೆ ಬದಲಿಸಿ ನೋಡಿ. ಉದ್ದನೆಯ ಒಳ್ಳೆಯ ಪಾಸ್‌ವರ್ಡ್ ಜೊತೆಗಿದ್ದರೆ ಮನೆಗೆ ಅದು ಇಂದಿಗೂ ಸಾಕಷ್ಟು ಗಟ್ಟಿ. ಅದಕ್ಕಿಂತ ಹಳೆಯ ಡಬ್ಲ್ಯುಇಪಿಗೆ ಇಳಿಯಬೇಡಿ, ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆಯಬಹುದು.

ಅತಿಥಿಗಳ ವೈ-ಫೈಗೆ ಸ್ಪೀಕರ್ ಸೇರಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಭದ್ರತೆಯ ದೃಷ್ಟಿಯಿಂದ ಅದು ಒಳ್ಳೆಯದೇ, ಆದರೆ ಅಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ರೂಟರ್ ಗೋಡೆ ಎಬ್ಬಿಸಿರುತ್ತದೆ. ತಂದೆ ಬಾಯಲ್ಲಿ ಹೇಳಿ ಕೇಳುವುದಕ್ಕೆ ತೊಂದರೆಯಿಲ್ಲ, ನೀವು ಫೋನಿನಿಂದ ಹಾಡು ಕಳುಹಿಸಲು ಹೋದರೆ ಸ್ಪೀಕರ್ ಸಿಗದೇ ಹೋಗಬಹುದು.

ಮೂರನೆಯ ಕೊಂಡಿ ಪರೀಕ್ಷಿಸುವುದು ಸುಲಭ. ಸ್ಪೀಕರ್ ಕೈಕೊಟ್ಟ ಕ್ಷಣದಲ್ಲೇ, ಮೊಬೈಲ್ ಡೇಟಾ ಆಫ್ ಮಾಡಿದ ಫೋನಿನಲ್ಲಿ ಯಾವುದಾದರೂ ಹೊಸ ಪುಟ ತೆರೆಯಿರಿ. ಅದೂ ತೆರೆಯದಿದ್ದರೆ ಸ್ಪೀಕರನ್ನು ಬಿಟ್ಟು ಇಂಟರ್ನೆಟ್ ಕಂಪನಿಗೆ ದೂರು ಕೊಡಿ. ವೈ-ಫೈ ಗೆರೆಗಳು ತುಂಬಿವೆ ಎಂದ ಮಾತ್ರಕ್ಕೆ ಇಂಟರ್ನೆಟ್ ಇದೆ ಎಂದಾಗುವುದಿಲ್ಲ. ಆ ಗೆರೆಗಳು ಫೋನಿಗೂ ರೂಟರ್‌ಗೂ ನಡುವಿನ ಸಿಗ್ನಲನ್ನು ಮಾತ್ರ ಹೇಳುತ್ತವೆ.

ರೂಟರ್ ಆಫ್ ಮಾಡಿ ಆನ್ ಮಾಡುವುದರಲ್ಲಿ ಅಪಾಯವಿಲ್ಲ. ಪ್ಲಗ್ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ, ರೂಟರ್ ಪೂರ್ತಿ ಎದ್ದ ಮೇಲೆ ಸ್ಪೀಕರ್ ಆನ್ ಮಾಡಿ. ಆದರೆ ರೂಟರ್‌ನ ಹಿಂದಿರುವ ಸೂಜಿತೂತಿನ ರೀಸೆಟ್ ಗುಂಡಿಗೆ ಕೈ ಹಾಕಬೇಡಿ. ಅದನ್ನು ಕೆಲವು ಸೆಕೆಂಡು ಒತ್ತಿಹಿಡಿದರೆ ಇಂಟರ್ನೆಟ್ ಕಂಪನಿಯವರು ತುಂಬಿದ ಲಾಗಿನ್ ವಿವರವೂ ಅಳಿಸಿಹೋಗಬಹುದು. ಸ್ಪೀಕರ್ ಸರಿಮಾಡಲು ಹೋಗಿ ಇಡೀ ಮನೆಯ ಸಂಪರ್ಕ ಕಳೆದುಕೊಂಡು, ತಂತ್ರಜ್ಞರು ಬರುವವರೆಗೆ ಕಾದ ಕುಟುಂಬಗಳನ್ನು ನೋಡಿದ್ದೇನೆ.

ಸಿಗ್ನಲ್ ವಿಸ್ತರಿಸುವ ಎಕ್ಸ್‌ಟೆಂಡರ್ ಕೊಳ್ಳುವ ಯೋಚನೆ ಇದ್ದರೆ ಅದನ್ನು ತಂದೆಯ ಕೋಣೆಯಲ್ಲಿ ಇಡಬೇಡಿ. ಸಿಗ್ನಲ್ ಸತ್ತ ಜಾಗದಲ್ಲಿಟ್ಟ ಎಕ್ಸ್‌ಟೆಂಡರ್‌ಗೆ ವಿಸ್ತರಿಸಲು ಏನೂ ಸಿಗುವುದಿಲ್ಲ. ರೂಟರ್ ಮತ್ತು ಕೋಣೆಯ ನಡುವೆ, ಸಿಗ್ನಲ್ ಇನ್ನೂ ಚೆನ್ನಾಗಿರುವಲ್ಲಿ ಇಡಬೇಕು. ಕೋಣೆಯವರೆಗೆ ತಂತಿ ಎಳೆಯಲು ಸಾಧ್ಯವಿದ್ದರೆ ತಂತಿಯ ತುದಿಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ (ತಂತಿಯಿಂದ ಬಂದ ಇಂಟರ್ನೆಟ್ಟನ್ನು ವೈ-ಫೈ ಆಗಿ ಹರಡುವ ಪೆಟ್ಟಿಗೆ) ಹಾಕುವುದೇ ನನ್ನ ಆಯ್ಕೆ. ಶ್ರಮ ಹೆಚ್ಚು, ಆದರೆ ವರ್ಷಗಟ್ಟಲೆ ನೆಮ್ಮದಿ.

ಇಷ್ಟೆಲ್ಲ ಆಗುವ ಮಧ್ಯೆ ತಂದೆಯ ಮಾತ್ರೆಯ ನೆನಪೋಲೆಗಳನ್ನು ಈ ಸ್ಪೀಕರ್‌ನಲ್ಲಿ ಹಾಕಿದ್ದರೆ, ಅವನ್ನು ಇವತ್ತೇ ಒಂದು ಸಾಧಾರಣ ಫೋನಿನ ಅಲಾರಂನಲ್ಲೂ ಇಡಿ. ಸಂಪರ್ಕ ಗಟ್ಟಿಯಾದ ಮೇಲೂ ಆ ಎರಡನೆಯ ಅಲಾರಂ ತೆಗೆಯಬೇಡಿ. ಔಷಧದ ವಿಷಯದಲ್ಲಿ ವೈ-ಫೈ ಒಂದನ್ನೇ ನಂಬುವುದು ನನಗೆ ಸಮ್ಮತವಲ್ಲ.

ಕೊನೆಗೆ ನಿಮ್ಮ ನೇರ ಪ್ರಶ್ನೆ: ಹೊಸದು ಕೊಳ್ಳಬೇಕೇ? ಅದನ್ನು ತೀರ್ಮಾನಿಸಲು ಒಂದು ಪರೀಕ್ಷೆ ಇದೆ. ಮನೆಯ ಇನ್ನೊಬ್ಬರ ಫೋನಿನಲ್ಲಿ ಹಾಟ್‌ಸ್ಪಾಟ್ ತೆರೆದು, ಅದರ ಬ್ಯಾಂಡ್ 2.4 ಗಿಗಾಹರ್ಟ್ಸ್ ಎಂದು ಆರಿಸಿ. ಐಫೋನ್ ಆದರೆ ‘ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ’ ಎಂಬುದನ್ನು ಆನ್ ಮಾಡಿ. ನಿಮ್ಮ ಫೋನಿನ ಆ್ಯಪ್‌ನಿಂದ ಸ್ಪೀಕರನ್ನು ಆ ಹಾಟ್‌ಸ್ಪಾಟ್‌ಗೆ ಜೋಡಿಸಿ, ಹಾಟ್‌ಸ್ಪಾಟ್ ಫೋನನ್ನು ಪಕ್ಕದಲ್ಲೇ ಇಟ್ಟು, ಒಂದು ಸಂಜೆಯೆಲ್ಲ ಹಾಡು ಹಚ್ಚಿ. ತಡೆಯಿಲ್ಲದೆ ಓಡಿದರೆ ಸ್ಪೀಕರ್ ಸರಿಯಾಗಿದೆ, ದುರಸ್ತಿ ಆಗಬೇಕಿರುವುದು ರೂಟರ್‌ನ ಸೆಟ್ಟಿಂಗ್ ಅಥವಾ ಜಾಗ. ಅಲ್ಲಿಯೂ ಕಡಿದುಹೋದರೆ, ಸ್ಪೀಕರ್ ಜೊತೆ ಬಂದ ಅಡಾಪ್ಟರನ್ನೇ ಬಳಸುತ್ತಿದ್ದೀರಾ ನೋಡಿ. ಟಿವಿಯ ಯುಎಸ್‌ಬಿ ಕಿಂಡಿಗೆ ಅಥವಾ ಹಳೆಯ ಮೊಬೈಲ್ ಚಾರ್ಜರ್‌ಗೆ ಸಿಕ್ಕಿಸಿದರೆ ಶಕ್ತಿ ಸಾಲದೆ ಕೆಲವು ಸ್ಪೀಕರ್‌ಗಳು ದನಿ ಏರಿಸಿದಾಗ ತಾವೇ ಮರುಚಾಲೂ ಆಗುತ್ತವೆ, ನೋಡುವವರಿಗೆ ಅದು ವೈ-ಫೈ ತೊಂದರೆಯಂತೆಯೇ ಕಾಣುತ್ತದೆ. ಸರಿಯಾದ ಅಡಾಪ್ಟರ್ ಇದ್ದೂ ಹಾಟ್‌ಸ್ಪಾಟ್‌ನಲ್ಲಿ ನಿಲ್ಲದಿದ್ದರೆ ಮಾತ್ರ ಯಂತ್ರದ ಒಳಗೇ ದೋಷವಿದೆ, ವಾರಂಟಿ ಇದ್ದರೆ ಬದಲಿಸಿಕೊಳ್ಳಿ. ಹಿಂದಿರುಗಿಸುವ ಮೊದಲು ಆ್ಯಪ್‌ನಲ್ಲಿ ಆ ಸ್ಪೀಕರನ್ನು ನಿಮ್ಮ ಖಾತೆಯಿಂದ ತೆಗೆದುಹಾಕಿ, ಆಗ ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆಯಲ್ಲೇ ಉಳಿಸಿ ಕೊಟ್ಟರೆ ನಿಮ್ಮ ವಿವರಗಳು ಅದರ ಜೊತೆಗೇ ಬೇರೆಯವರ ಕೈಗೆ ಹೋಗುತ್ತವೆ.